ಕನ್ನಡಿ ಮಕ್ಕಳ ಕೈಯಲ್ಲಿರಲಿ

ಯಕ್ಷಗಾನದ ಕಾಲಮಿತಿ ಆಟಗಳಲ್ಲಿ ಪೂರ್ವರಂಗಕ್ಕೆ ಬಂದ ಗತಿಯ ಬಗ್ಗೆ ಬರೆಯಬೇಕೆಂದಿದ್ದೆ. ಬರೆಯಲು ಕೂತರೆ ಅದಕ್ಕಿಂತ ದೊಡ್ಡ ನಷ್ಟವೊಂದು ಕಣ್ಣಿಗೆ ಬಿತ್ತು. ಹೊಸಬರು ಬಣ್ಣ ಹಾಕಿಕೊಳ್ಳಲು ಕಲಿಯುತ್ತಿದ್ದದ್ದೇ ಪೂರ್ವರಂಗದ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷಗಳಲ್ಲಿ. ಆ ಹೊತ್ತಿಗೆ ಪ್ರೇಕ್ಷಕರು ಪೂರ್ತಿ ಸೇರಿರುತ್ತಿರಲಿಲ್ಲ. ನಾಮದ ಗೆರೆ ಕೊಂಚ ಸೊಟ್ಟಗಾದರೂ ನಡೆಯುತ್ತಿತ್ತು. ತನ್ನ ಸರದಿ ಮುಗಿಸಿದ ಹುಡುಗ ಬಣ್ಣ ಹಾಕುವ ಚೌಕಿಗೆ ಬಂದು ಹಿರಿಯರು ಮುಖ ಬರೆದುಕೊಳ್ಳುವುದನ್ನು ನೋಡುತ್ತ ಕೂರುತ್ತಿದ್ದ. ಪೂರ್ವರಂಗ ಕತ್ತರಿಸಿದವರು ಆ ಪಾಠಶಾಲೆಗೂ ಬೀಗ ಹಾಕಿದರು.

ಈಗ ಯಕ್ಷಗಾನ ತರಗತಿಗಳ ವಾರ್ಷಿಕೋತ್ಸವಕ್ಕೆ ಹೋದರೆ ಮಕ್ಕಳು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾರೆ. ಬಾಡಿಗೆ ವೇಷದ ಜೊತೆ ಬಂದವರು ಸಾಲಾಗಿ ಬಣ್ಣ ಬಳಿಯುತ್ತಾರೆ. ಅಭಿಮನ್ಯುವಿಗೂ ಕೃಷ್ಣನಿಗೂ ಒಂದೇ ಹುಬ್ಬು! ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ವೇಷಕ್ಕೂ ಗಂಭೀರ ಸ್ಥಾನ ಕೊಟ್ಟ ಕೃತಿ. ಅದಕ್ಕೆ 1959ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಬಹುಪಾಲು ತರಗತಿಗಳು ಮಾತ್ರ ಇಂದಿಗೂ ತಾಳ, ಹೆಜ್ಜೆ, ಮಾತುಗಳಾಚೆ ಹೋಗಿಲ್ಲ.

ಮಕ್ಕಳೇ ಮುಖ ಬರೆದುಕೊಳ್ಳಲಿ ಎಂದಾಗಲೆಲ್ಲ, ಕಥಕ್ಕಳಿಯಲ್ಲಿ ಮುಖದ ಮೇಲೆ ಚುಟ್ಟಿ ಇಡುವವರು ಬೇರೆಯವರಲ್ಲವೇ ಎಂಬ ವಾದ ಬರುತ್ತದೆ. ಬೇರೆಯವರೇ, ನಿಜ. ಆದರೆ ಅಲ್ಲಿ ಮೊದಲ ಗೆರೆಗಳನ್ನು ನಟನೇ ಬರೆದುಕೊಂಡು ಆಮೇಲೆ ಚುಟ್ಟಿಗಾಗಿ ಮಲಗುತ್ತಾನೆ. ಚುಟ್ಟಿ ಇಡುವವರೂ ವರ್ಷಗಟ್ಟಲೆ ಕಲಿತು ಬಂದವರು. ನಮ್ಮ ತೆಂಕುತಿಟ್ಟಿನ ಬಣ್ಣದ ವೇಷಧಾರಿಯಂತೂ ಅಕ್ಕಿಹಿಟ್ಟು, ಸುಣ್ಣ ಕಲಸಿ ತನ್ನ ಮುಖದ ಮೇಲೆ ತಾನೇ ಚುಟ್ಟಿ ಇಟ್ಟುಕೊಳ್ಳುತ್ತಾನೆ, ಗಂಟೆಗಟ್ಟಲೆ. ರಾಕ್ಷಸ ಸಿದ್ಧನಾಗುವುದು ಆ ಗಂಟೆಗಳಲ್ಲೇ.

ಕಲಿಯುವವರಿಗೆ ನಾನು ಹೇಳುವುದು ಇಷ್ಟು. ಮೊದಲು ತೆಂಗಿನೆಣ್ಣೆ, ತೆಳ್ಳಗೆ. ಸಫೇತದ ಬಿಳಿ ಪುಡಿಗೆ ಹಳದಿ, ಕೆಂಪು ಬೆರೆಸಿ ಅಂಗೈಯಲ್ಲೇ ತಿಕ್ಕಿ ಹದ ನೋಡಿ. ಗಂಟು ಉಳಿದರೆ ಕೆನ್ನೆಯ ಮೇಲೆ ಬಿರುಕು ಖಂಡಿತ. ಕಿವಿ, ಕುತ್ತಿಗೆಗೂ ಹಚ್ಚಿ. ಗಲ್ಲಕ್ಕೇ ಬಣ್ಣ ನಿಲ್ಲಿಸುವುದು ಹೊಸಬರೆಲ್ಲರೂ ಮಾಡುವ ತಪ್ಪು. ಪೌಡರ್ ಒತ್ತಿದ ಮೇಲೆ ಗೆರೆಗಳು. ಕಿರುಬೆರಳನ್ನು ಕೆನ್ನೆಗೆ ಊರಿದರೆ ಕಡ್ಡಿ ಹಿಡಿದ ಕೈ ನಡುಗುವುದಿಲ್ಲ. ನಾಮವನ್ನು ಹಣೆಯ ನಡುವಿನಿಂದಲೇ ಆರಂಭಿಸಿ. ಎಡಹುಬ್ಬು, ಬಲಹುಬ್ಬು ಯಾರಿಗೂ ಸಮ ಇರುವುದಿಲ್ಲ. ಯಾವುದನ್ನು ಎಷ್ಟು ಏರಿಸಬೇಕೆಂಬುದು ಆ ಮುಖದ ಒಡೆಯನಿಗಷ್ಟೇ ತಿಳಿಯುವ ವಿಷಯ. ಹುಬ್ಬು ಬರೆದಾದ ಮೇಲೆ ಕನ್ನಡಿಯನ್ನು ಎದುರಿಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಹತ್ತಿರಕ್ಕೆ ಅಂದವಾಗಿ ಕಂಡ ಸಣ್ಣ ಗೆರೆ ಅಲ್ಲಿಂದ ಮಾಯ.

ಗುರುಗಳಲ್ಲಿ ನನ್ನ ವಿನಂತಿ: ಆಟ ಏಳಕ್ಕಿದ್ದರೆ ಮಕ್ಕಳನ್ನು ಮೂರಕ್ಕೇ ಚೌಕಿಗೆ ಕರೆಸಿ. ಮೊದಲ ಸಲ ಮುಖ ಕೆಟ್ಟರೆ ಎಣ್ಣೆ ಹಚ್ಚಿ ಒರೆಸಿ ಮತ್ತೆ ಬರೆಯಲು ಸಮಯ ಸಿಗಲಿ.