ದೊಡ್ಡವ್ವನ ಚಂಚಿ ಮತ್ತು ವಟಮುಖತ್ಯಾರ ಪತ್ರ

ಉಗರಗೋಳದ ನಮ್ಮ ದೊಡ್ಡವ್ವನ ಚಂಚಿಗೆ ನಾಲ್ಕು ಖಾನೆಗಳಿದ್ದವು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಮೂರನೆಯದರಲ್ಲಿ ಸುಣ್ಣದ ಡಬ್ಬಿ. ಎಲ್ಲಕ್ಕೂ ಒಳಗಿನದರಲ್ಲಿ ಬ್ಯಾಂಕಿನ ಎಫ್‌ಡಿ ಪಾವತಿ. ಮಡಚಿ ಮಡಚಿ ಗೆರೆಯುದ್ದಕ್ಕೂ ಹರಿದಿತ್ತು, ಸುಣ್ಣದ ಬೆರಳು ತಾಗಿ ಅಂಚು ಬೆಳ್ಳಗಾಗಿತ್ತು. ಯಲ್ಲಮ್ಮನ ಗುಡ್ಡ ಹತ್ತಲು ಮೊಣಕಾಲು ಒಲ್ಲೆನೆಂದ ವರ್ಷ ಆಕೆ ತಾನಾಗಿಯೇ ಸಣ್ಣ ಮಗನನ್ನು ಕರೆದುಕೊಂಡು ಸವದತ್ತಿಗೆ ಹೋಗಿ, ಅವನ ಹೆಸರಿಗೆ ವಟಮುಖತ್ಯಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಬರೆಸಿಕೊಟ್ಟಳು. ಹೆಬ್ಬೆರಳಿನ ಶಾಯಿಯನ್ನು ಬಚ್ಚಲಲ್ಲಿ ಇಟ್ಟಂಗಿ ಚೂರಿನಿಂದ ತಿಕ್ಕುತ್ತ, "ಇನ್ನ ನಂದೇನ ಚಿಂತಿಲ್ಲ ಬಿಡೋ ತಮ್ಮಾ" ಎಂದು ನನಗೆ ಹೇಳಿದ್ದಳು.

ಮೂರು ವರ್ಷಕ್ಕೆ ಮರೆವು ಬಂತು. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ಮೊಮ್ಮಕ್ಕಳ ಹೆಸರು, ಕಡೆಗೆ ಹೆತ್ತ ಮಗನ ಮುಖ. ಆಸ್ಪತ್ರೆಗೆ ಕಟ್ಟಲು ಎಫ್‌ಡಿ ಮುರಿಸಬೇಕೆಂದು ಅವನು ಪತ್ರ ಹಿಡಿದು ಬ್ಯಾಂಕಿಗೆ ಹೋದರೆ, ಅಲ್ಲಿಯವರು ಕೇಳಿದ್ದು ಒಂದೇ ಪ್ರಶ್ನೆ: "ತಾಯಿಯವರಿಗೆ ಈಗ ನೆನಪು, ಬುದ್ಧಿ ಸರಿ ಅದಾವೇನ್ರಿ?" ಅವನು ಸುಳ್ಳು ಹೇಳಲಿಲ್ಲ. ಪತ್ರ ಮರಳಿ ಬಂತು.

ಆಗ ನನಗೆ ಬ್ಯಾಂಕಿನವರ ಮೇಲೆ ಸಿಟ್ಟಿತ್ತು, ಈಗ ಇಲ್ಲ. ವಟಮುಖತ್ಯಾರಕ್ಕೆ ಒಂದು ಕಾಯ್ದೆ 1882ರದು. ಅದಕ್ಕೂ ಹಿಂದಿನ, 1872ರ ಕರಾರು ಕಾಯ್ದೆಯ 201ನೆಯ ಕಲಮು ಹೇಳುವುದು ಇಷ್ಟು: ಅಧಿಕಾರ ಕೊಟ್ಟವರು ಸತ್ತರೆ ಅಥವಾ ಅವರ ಬುದ್ಧಿ ಸ್ವಸ್ಥವಿಲ್ಲವಾದರೆ ಕೊಟ್ಟ ಅಧಿಕಾರವೂ ಮುಗಿಯಿತು. ವ್ಯಾಪಾರಿಗೂ ಅವನ ಗುಮಾಸ್ತನಿಗೂ ಈ ನಿಯಮ ಸರಿ. ಧಣಿಗೆ ವಿಚಾರಿಸುವ ಶಕ್ತಿ ಇಲ್ಲವಾದಾಗ ಗುಮಾಸ್ತನ ಕೈ ಕಟ್ಟಬೇಕಾದದ್ದೇ. ಮುದಿ ತಾಯಿಗೆ ಇದೇ ನಿಯಮ ತಲೆಕೆಳಗಾಗುತ್ತದೆ. ಆಕೆಗೆ ತಿಳಿವಳಿಕೆ ಇರುವ ತನಕ ನಡೆಯುವ ಪತ್ರ, ತಿಳಿವಳಿಕೆ ಹೋದ ದಿನವೇ ಬರೀ ಕಾಗದವಾಗುತ್ತದೆ. ಕೊಡೆ ಕೊಂಡದ್ದು ಮಳೆಗಾಲಕ್ಕೆ, ಅದು ಬಿಚ್ಚುವುದು ಬೇಸಿಗೆಯಲ್ಲಿ ಮಾತ್ರ. ಈ ಪತ್ರದ ಬಗ್ಗೆ ನನ್ನ ಮೊದಲ ಆಕ್ಷೇಪ ಇದೇ, ದೊಡ್ಡ ಆಕ್ಷೇಪವೂ ಇದೇ.

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. ಇಂಗ್ಲೆಂಡಿನವರು 1985ರಲ್ಲೇ, ಬುದ್ಧಿ ಹೋದ ಮೇಲೂ ಉಳಿಯುವ ಅಧಿಕಾರ ಪತ್ರಕ್ಕೆ ಕಾನೂನು ಮಾಡಿದರು. 2005ರ ಕಾಯ್ದೆಯಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ನಮ್ಮಲ್ಲಿ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಬುದ್ಧಿ ಕಳೆದುಕೊಂಡವರ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ಒಬ್ಬರನ್ನು ನೇಮಿಸುವ ದಾರಿಯಾದರೂ ಇತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಚಿಕಿತ್ಸೆಯ ಮಾತಿಗೆ ಪ್ರತಿನಿಧಿಯನ್ನು ಹೆಸರಿಸಲು ಬಿಡುತ್ತದೆ, ಆಸ್ತಿಯ ಮಾತು ಎತ್ತುವುದಿಲ್ಲ. ಹೀಗಾಗಿ ಎಷ್ಟೋ ಕುಟುಂಬಗಳು ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೇ ಹೋಗಬೇಕಾಗಿದೆ. ಕೋಮಾದಲ್ಲಿ ಮಲಗಿದವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟು 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ಉಗರಗೋಳದ ಮಗನಿಗೆ ಹೈಕೋರ್ಟೆಂದರೆ ಧಾರವಾಡ ಪೀಠದ ಮೆಟ್ಟಿಲು, ವಕೀಲರ ಫೀ, ತಾರೀಖಿನ ಮೇಲೆ ತಾರೀಖು. ಅವ್ವನ ಔಷಧಕ್ಕಾಗಿ ಅವ್ವನದೇ ದುಡ್ಡು ಬಿಡಿಸಿಕೊಳ್ಳಲು ಇಷ್ಟು ಓಡಾಟ ಅನ್ಯಾಯ.

ಕೈ ನಡುಗುವವರ ಬಗ್ಗೆ ನಮ್ಮ ವ್ಯವಸ್ಥೆ ವಿಚಾರ ಮಾಡಿದೆ ಎಂದೂ ಹೇಳಬೇಕು. ಸಹಿ ಮಾಡಲಾಗದವರ ಹೆಬ್ಬೆಟ್ಟನ್ನು, ಕೈ ಆಡದಿದ್ದರೆ ಕಾಲಿನ ಬೆರಳಿನ ಗುರುತನ್ನೂ, ಇಬ್ಬರು ಸಾಕ್ಷಿದಾರರ ಮುಂದೆ ಒಪ್ಪಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ಎಪ್ಪತ್ತು ದಾಟಿದವರ ಮನೆಬಾಗಿಲಿಗೆ ಸೇವೆ ಕೊಡಬೇಕೆಂದು 2017ರಲ್ಲಿ ಸೂಚಿಸಿದೆ. ಕೈಗೆ ಇಷ್ಟೆಲ್ಲ ಉಂಟು. ಮರೆವಿಗೆ ಏನೂ ಇಲ್ಲ.

ಕಾಗದ ಕೈಕೊಟ್ಟಾಗ ಜನ ತಮ್ಮ ದಾರಿ ತಾವು ಹುಡುಕಿಕೊಂಡಿದ್ದಾರೆ. ಎಟಿಎಂ ಕಾರ್ಡನ್ನೂ ಅದರ ನಂಬರನ್ನೂ ಮೊಮ್ಮಗನ ಕೈಗೆ ಕೊಡುವುದು ಒಂದು. ಜಾಯಿಂಟ್ ಖಾತೆ ಇನ್ನೊಂದು. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದೆಂದು ಬರೆಸಿದರೆ ಇದು ನಿಜಕ್ಕೂ ಉಪಯೋಗದ್ದು, ಆದರೆ ಲೆಕ್ಕ ಕೇಳುವವರಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಬದುಕಿರುವಾಗಲೇ ಹೊಲಮನೆಯನ್ನು ಬಕ್ಷೀಸ ಪತ್ರ ಮಾಡಿಕೊಟ್ಟುಬಿಡುವುದು. ನೋಡಿಕೊಳ್ಳಲು ಕೊಡುವುದು ಬೇರೆ, ಕೊಟ್ಟೇಬಿಡುವುದು ಬೇರೆ. ನಮ್ಮ ಕಡೆ ಎರಡಕ್ಕೂ "ಹೆಸರಿಗೆ ಮಾಡಿಕೊಟ್ಟೆ" ಎಂಬ ಒಂದೇ ಮಾತು. ಹಾಗೆ ಕೊಟ್ಟು ಬೀದಿಗೆ ಬಿದ್ದವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮು ಇದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರು ಬೈಲಹೊಂಗಲದ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಟ್ಟು ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಸಾಕುವ ಷರತ್ತಿನ ಮೇಲೆ ಕೊಟ್ಟದ್ದೆಂದು ತೋರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಒಂದು ಸಾಲನ್ನು ಬರೆಸಲು ನಮ್ಮ ಹಿರಿಯರು ನಾಚುತ್ತಾರೆ. "ಮಗನ ಮ್ಯಾಲೆ ಷರತ್ತ ಹಾಕೂದs?" ಅನ್ನುತ್ತಾರೆ.

ಕಾನೂನಿನ ತೂತಿಗಿಂತ ಈ ನಾಚಿಕೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಊರುಗಳಲ್ಲಿ ಜಾತ್ರೆ ಮುಗಿದ ಮೇಲೆ ಪಂಚರು ಗುಡಿಯ ಕಟ್ಟೆಯ ಮೇಲೆ ಕೂತು, ಪಟ್ಟಿ ಎಷ್ಟು ಕೂಡಿತು, ತೇರಿನ ಹಗ್ಗಕ್ಕೆ ಎಷ್ಟು ಹೋಯಿತು, ಬೆಲ್ಲಕ್ಕೆ ಎಷ್ಟು ಎಂದು ಎಲ್ಲರೆದುರು ಓದುತ್ತಾರೆ. ಗುಡ್ಡದ ಮೇಲೆ ಯಲ್ಲಮ್ಮನ ಹುಂಡಿ ಎಣಿಸುವಾಗ ಅಧಿಕಾರಿಗಳು, ಬ್ಯಾಂಕಿನವರು ಎದುರಿಗಿರುತ್ತಾರೆ. ಮೊತ್ತ ಪೇಪರಿನಲ್ಲಿ ಬರುತ್ತದೆ. ದೇವಿಯ ದುಡ್ಡಿನ ಲೆಕ್ಕ ಕೇಳಿದರೆ ದೇವಿಗೆ ಅವಮಾನವೆಂದು ಯಾರೂ ಅನ್ನುವುದಿಲ್ಲ. ಅವ್ವನ ದುಡ್ಡಿನ ಲೆಕ್ಕ ಕೇಳಿದರೆ ಮಾತ್ರ ಅಣ್ಣತಮ್ಮಂದಿರ ಮಾತು ನಿಲ್ಲುತ್ತದೆ.

ಹಳೆಯ ಕರಾರು ಕಾಯ್ದೆ ಈ ವಿಷಯದಲ್ಲಿ ನಮಗಿಂತ ಜಾಣ. ಅಧಿಕಾರ ಪಡೆದವನು ಕೇಳಿದಾಗ ಲೆಕ್ಕ ಒಪ್ಪಿಸಲೇಬೇಕೆಂದು ಅದರ 213ನೆಯ ಕಲಮು ಹೇಳುತ್ತದೆ. ಮರೆವಿನ ತಾಯಿ ಕೇಳುವುದೆಲ್ಲಿಂದ? ಆಕೆಯ ಪರವಾಗಿ ಕೇಳುವ ಇನ್ನೊಬ್ಬರ ಹೆಸರನ್ನೂ, ಮಗಳದೋ ತಂಗಿಯದೋ, ಪತ್ರದಲ್ಲೇ ಬರೆಸಿಡಬೇಕು. ಯಾವ ಖಾತೆ, ಎಷ್ಟರ ತನಕ, ಹೊಲ ಮಾರುವ ಹಕ್ಕು ಇದೆಯೋ ಇಲ್ಲವೋ ಎಂಬುದೂ ಇರಬೇಕು. ಮರೆವಿನ ಕಾಲಕ್ಕೆಂದು ಜಾಯಿಂಟ್ ಖಾತೆಯನ್ನು ಬೇರೆಯಾಗಿಯೇ ಮಾಡಿಸಿರಬೇಕು.

ಇದೆಲ್ಲ ಕೈಕಾಲು ಗಟ್ಟಿ ಇದ್ದಾಗಲೇ ಆಗಬೇಕೆಂಬುದನ್ನು ಕಿತ್ತೂರು ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ಬೇನೆ ಜೋರಾದ ಮೇಲೆ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಪತ್ರವನ್ನೇ ಶಂಕಿಸಿದ. ಹಿಂದೆ ಇದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ದುರಾಸೆಯೇ. ಆದರೆ ಆ ದುರಾಸೆಗೆ ಹಿಡಿಕೆಯಾಗಿ ಸಿಕ್ಕಿದ್ದು ತಡವಾಗಿ ಆದ ಒಂದು ಕಾಗದ.

ದೊಡ್ಡವ್ವನ ಎಫ್‌ಡಿ ಕಡೆಗೂ ಬಿಡಿಸಲಾಯಿತು, ಆಕೆ ಹೋದ ಮೇಲೆ, ನಾಮಿನಿಯ ಹೆಸರಿಗೆ. ಅಷ್ಟರಲ್ಲಿ ಸಣ್ಣ ಮಗ ಎತ್ತು ಮಾರಿ ಆಸ್ಪತ್ರೆಗೆ ಕಟ್ಟಿದ್ದ. ಯಾರೂ ಕೇಳದಿದ್ದರೂ ಮಾತ್ರೆಯಿಂದ ಹಿಡಿದು ಆಟೋ ಬಾಡಿಗೆಯವರೆಗೆ ಎಲ್ಲವನ್ನೂ ನೂರು ಪುಟದ ನೋಟಬುಕ್ಕಿನಲ್ಲಿ ಬರೆದಿಟ್ಟಿದ್ದ. ಶಿವಗಣಾರಾಧನೆಯ ಮರುದಿನ ಪಡಸಾಲೆಯಲ್ಲಿ ಅದನ್ನು ಅಣ್ಣನ ಮುಂದೆ ಇಟ್ಟ. ಅಣ್ಣ ಮುಟ್ಟಲಿಲ್ಲ. "ಲೆಕ್ಕಾ ಯಾಕೋ ತಮ್ಮಾ, ನಾವೇನ ಹೊರಗಿನವರ?" ಎಂದ. ಸಣ್ಣವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಸಂಜೆಯ ತನಕ ಆ ನೋಟಬುಕ್ಕು ಜಮಖಾನೆಯ ಮೇಲೆ, ಅವ್ವನ ಚಂಚಿಯ ಪಕ್ಕದಲ್ಲಿ, ಹಾಗೇ ಬಿದ್ದಿತ್ತು.