ಢಾವಲೋ ಕೇಳಿಸದ ಮದುವೆ ವಿಡಿಯೊ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಲಂಬಾಣಿ ತಾಂಡಾದ ಒಂದು ಮದುವೆ ವಿಡಿಯೊ. ಗಂಡನ ಮನೆಗೆ ಹೊರಟ ಹುಡುಗಿ ಅವ್ವನ ಕೊರಳು ತಬ್ಬಿ ನಿಂತಿದ್ದಾಳೆ. ತುಟಿ ಅಲುಗುತ್ತಿದೆ. ಅದು ಢಾವಲೋ, ತವರು ಬಿಡುವ ಹೆಣ್ಣು ಅಳುತ್ತಲೇ ಹಾಡುವ ಹಾಡು. ನಮಗೆ ಕೇಳಿಸುವುದು ಮಾತ್ರ ಯಾವುದೋ ಸಿನಿಮಾ ಗೀತೆ. ಮೂಲ ದನಿ ಅಳಿಸಿ ಅದನ್ನು ಕೂಡಿಸಿದ್ದಾರೆ. ಕನ್ನಡಿ ಬಿಲ್ಲೆಯ ಫೇಟಿಯಾ ಲಂಗ, ಕಾಂಚಳಿ ರವಿಕೆ ಮಿಂಚುತ್ತಿವೆ, ಹುಡುಗಿ ಮೂಕಿಯಾಗಿದ್ದಾಳೆ.

ಬುಡಕಟ್ಟು ಬದುಕನ್ನು ತೆರೆಗೆ ತರುವ ನಮ್ಮ ಸಿನಿಮಾ ಎಡವುವುದೂ ಇಲ್ಲೇ. ಲಂಬಾಣಿ ಎಂದರೆ ಅದಕ್ಕೊಂದು ಕುಣಿತ, ಹತ್ತಾರು ಉಡುಪು. ಉಡುಪು ಬಾಡಿಗೆಗೆ ಸಿಗುತ್ತದೆ, ಲಂಬಾಣಿಗರ ನುಡಿ ಗೋರ್‌ಬೋಲಿ ಸಿಗುವುದಿಲ್ಲ. ಸ್ವಂತ ಲಿಪಿಯಿಲ್ಲದ ಆ ನುಡಿ ಬದುಕಿರುವುದು ಬಾಯಲ್ಲಿ: ಹೋಳಿಯ ಲೇಂಗಿ ಹಾಡುಗಳಲ್ಲಿ, ತೀಜ್ ಹಬ್ಬದ ಗೋಧಿ ಸಸಿಯ ಬುಟ್ಟಿ ಸುತ್ತ ಹುಡುಗಿಯರು ಹಾಡುವ ಪದಗಳಲ್ಲಿ. ಸರ್ಕಾರಿ ಕಾಗದದಲ್ಲಿ ಈ ಜನ ಕರ್ನಾಟಕಕ್ಕೆ ಪರಿಶಿಷ್ಟ ಜಾತಿ, ಗಡಿಯಾಚೆ ತೆಲಂಗಾಣಕ್ಕೆ ಪರಿಶಿಷ್ಟ ಪಂಗಡ, ಮಹಾರಾಷ್ಟ್ರಕ್ಕೆ ವಿಮುಕ್ತ ಜಾತಿ. ಮೂರು ಕಡೆಯವರನ್ನೂ ಬೆಸೆದಿರುವುದು ನುಡಿ. ಕ್ಯಾಮೆರಾ ಮೊದಲು ಕೈಬಿಡುವುದೂ ಅದನ್ನೇ.

2022ರ 'ಕಾಂತಾರ' ಇದಕ್ಕಿಂತ ಬಹಳ ಮುಂದೆ ಹೋದ ಚಿತ್ರ. ತುಳುನಾಡಿನ ದೈವಾರಾಧನೆಯನ್ನು ಅಲಂಕಾರಕ್ಕೆ ಬಳಸದೆ ಭೂಮಿಯ ಹಕ್ಕಿನ ಜಗಳದ ನಡುವೆ ನಿಲ್ಲಿಸಿತು. ಆದರೂ ಚಿತ್ರದ ಮಾತು ಕನ್ನಡ; ತುಳು ಅವತರಣಿಕೆ ಬಂದದ್ದು ಆಮೇಲೆ. ದೈವದ ವೇಷ ವೇದಿಕೆಗೆ, ರೀಲ್ಸ್‌ಗೆ ಇಳಿದಾಗ ಕರಾವಳಿಯ ಆರಾಧಕರೇ ಬೇಸರಪಟ್ಟರು. ಕಣ್ಣಿಗೆ ಕಂಡದ್ದು ಊರೂರು ಸುತ್ತಿತು, ಅದರ ಹಿಂದಿನ ಕಟ್ಟುಪಾಡು ಊರಲ್ಲೇ ಉಳಿಯಿತು.

ಆಸ್ಟ್ರೇಲಿಯದ 'ಟೆನ್ ಕನೂಸ್' (2006) ಬೇರೆ ದಾರಿ ಹಿಡಿಯಿತು. ರಾಲ್ಫ್ ಡಿ ಹೀರ್ ಜೊತೆ ಅದನ್ನು ನಿರ್ದೇಶಿಸಿದ ಪೀಟರ್ ಜಿಗಿರ್ ಅಲ್ಲಿನ ಮೂಲನಿವಾಸಿ. ಪಾತ್ರಗಳು ಆಡುವುದು ತಮ್ಮದೇ ನುಡಿ. ಅಣ್ಣನ ಕಿರಿಯ ಹೆಂಡತಿಯ ಮೇಲೆ ಮನಸ್ಸಿಟ್ಟ ತಮ್ಮನನ್ನು ಅಣ್ಣ ಬೈಯುವುದಿಲ್ಲ. ಮರದ ತೊಗಟೆಯಿಂದ ದೋಣಿ ಮಾಡುತ್ತ, ಹೆಬ್ಬಾತಿನ ಮೊಟ್ಟೆಗಾಗಿ ಜೌಗುನೀರಿನಲ್ಲಿ ಸಾಗುತ್ತ ಪೂರ್ವಿಕರ ಕತೆ ಹೇಳುತ್ತಾನೆ. ಕೆಲಸ ಮುಗಿಯುವ ತನಕ ಕತೆಯೂ ಮುಗಿಯದು. ತಮ್ಮನ ಜೊತೆ ನಾವೂ ತಾಳ್ಮೆಯಿಂದ ಕಾಯಬೇಕು. ಹೇಳುವವರ ಲಯಕ್ಕೆ ಸಿನಿಮಾ ತಲೆಬಾಗಿದ್ದು ಹೀಗೆ.

ಇಂಥದ್ದನ್ನು ಅಳೆಯುವ ಕೋಲನ್ನು ನಾವು ಆಸ್ಟ್ರೇಲಿಯದಿಂದ ತರಬೇಕಿಲ್ಲ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ ತಮ್ಮ ಅನುಭವವನ್ನು ತಮ್ಮ ಬಾಯಿಂದಲೇ ಆಡಿದ್ದು ಶರಣರ ಕಾಲದ ಇದೇ ಬಸವಕಲ್ಯಾಣದಲ್ಲಿ. ಅವರ ಪರವಾಗಿ ಇನ್ನೊಬ್ಬರು ನುಡಿದಿದ್ದರೆ ಅದು ವಚನವಾಗುತ್ತಿರಲಿಲ್ಲ. ಈ ಕೋಲಿಟ್ಟು ಅಳೆದರೆ 'ಟೆನ್ ಕನೂಸ್' ನಿಲ್ಲುತ್ತದೆ, 'ಕಾಂತಾರ' ಅರ್ಧಕ್ಕೆ ಬರುತ್ತದೆ, ಬಾಡಿಗೆ ಉಡುಪಿನ ಕುಣಿತಗಳು ಲೆಕ್ಕಕ್ಕೇ ಇಲ್ಲ.

ಈಗ ತಾಂಡಾದ ಹುಡುಗರ ಕೈಯಲ್ಲೇ ಕ್ಯಾಮೆರಾ ಇದೆ. ಗೋರ್‌ಬೋಲಿ ಹಾಡುಗಳು ಯೂಟ್ಯೂಬ್ ತುಂಬ ಕುಣಿಯುತ್ತಿವೆ. ಅವರೇ ಹಾಡಿ, ಅವರೇ ಹಂಚುತ್ತಿರುವುದು ದೊಡ್ಡ ಮಾತು. ಆದರೆ ಡಿಜೆ ಅಬ್ಬರದಲ್ಲಿ ಮುದುಕಿಯರ ನಿಧಾನದ ಕತೆಗೆ ಜಾಗ ಸಾಲದು. 2021ರ ಜನವರಿಯಲ್ಲಿ ಬಸವಕಲ್ಯಾಣದ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಆ ಕತೆಗೆಂದು ಅಲ್ಲೊಂದು ಚಿಕ್ಕ ತೆರೆಯಿರಲಿ. ಒಬ್ಬ ಅಜ್ಜಿ ಗೋರ್‌ಬೋಲಿಯಲ್ಲಿ ಕತೆ ಹೇಳಲಿ, ಕೆಳಗೆ ಕನ್ನಡ ಅಕ್ಷರ ಮೂಡಲಿ.

ಅಲ್ಲಿಯವರೆಗೆ ಮದುವೆ ವಿಡಿಯೊ ಮಾಡುವ ತಮ್ಮಂದಿರಲ್ಲಿ ಒಂದೇ ಕೋರಿಕೆ: ಢಾವಲೋ ಶುರುವಾದಾಗ ಅದರ ದನಿ ಅಳಿಸಬೇಡಿ.