ಫ್ಲ್ಯಾಶ್ ಕೆಟ್ಟಿದೆ ಎನ್ನುವ ಮೊದಲು

ಮದುವೆ ಮನೆಯಲ್ಲಿ ಫ್ಲ್ಯಾಶ್ ಕೈಕೊಟ್ಟರೆ ನಮ್ಮ ಫೋಟೋಗ್ರಾಫರುಗಳು ಮಾಡುವುದು ಹೆಚ್ಚುಕಮ್ಮಿ ಎಲ್ಲ ಊರುಗಳಲ್ಲೂ ಒಂದೇ. ಮೊದಲು ಆಫ್ ಮಾಡಿ ಆನ್ ಮಾಡುತ್ತಾರೆ. ಹೊಡೆಯದಿದ್ದರೆ ಕ್ಯಾಮೆರಾದಿಂದ ಜಾರಿಸಿ ತೆಗೆದು, ಉಫ್ ಎಂದು ಊದಿ, ಮತ್ತೆ ಒತ್ತಿ ಕೂರಿಸುತ್ತಾರೆ. ಆಮೇಲೆ ನಾಲ್ಕೂ ಸೆಲ್ ಬದಲಾಯಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅಸಿಸ್ಟೆಂಟ್ ಹುಡುಗನ ಬ್ಯಾಗಿನಿಂದ ಇನ್ನೊಂದು ಫ್ಲ್ಯಾಶ್ ಹೊರಬರುತ್ತದೆ. ಮುಹೂರ್ತ ಯಾರಿಗೂ ಕಾಯುವುದಿಲ್ಲ, ತಾಳಿ ಕಟ್ಟುವ ಹೊತ್ತಿನಲ್ಲಿ ಹೀಗೆ ಮಾಡುವುದೇ ಸರಿ. ನನ್ನ ತಕರಾರು ಮಾರನೆಯ ದಿನದ್ದು. ಸ್ಟುಡಿಯೊದ ಮೇಜಿನ ಮುಂದೆ, ಯಾವ ಅವಸರವೂ ಇಲ್ಲದಾಗಲೂ ಅದೇ ಆಫ್-ಆನ್, ಅದೇ ಊದುವುದು ನಡೆಯುತ್ತದೆ. ಕೊನೆಗೆ "ಬೋರ್ಡ್ ಹೋಗಿದೆ" ಎಂಬ ತೀರ್ಪು ಬೀಳುತ್ತದೆ. ಎಷ್ಟೋ ಸಲ ಬೋರ್ಡಿಗೆ ಏನೂ ಆಗಿರುವುದಿಲ್ಲ.

ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲ್ಯಾಶ್ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಸೆಲ್ಲಿನ ಆರು ವೋಲ್ಟನ್ನು ಮುನ್ನೂರು ವೋಲ್ಟಿನ ಆಸುಪಾಸಿಗೆ ಏರಿಸಿ, ಕೆಪಾಸಿಟರಿನಲ್ಲಿ ತುಂಬಿಟ್ಟು, ಜೆನಾನ್ ಟ್ಯೂಬಿನಲ್ಲಿ ಒಂದೇ ಏಟಿಗೆ ಸುರಿಯುವುದು. ಇನ್ನೊಂದು, ಕ್ಯಾಮೆರಾ ಹೇಳಿದ್ದನ್ನು ಕೇಳಿಸಿಕೊಳ್ಳುವುದು. ನಾವು ದೋಷ ಹುಡುಕುವಾಗ ಈ ಎರಡನ್ನೂ ಕಲಸಿಬಿಡುತ್ತೇವೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಟೆಸ್ಟ್ ಬಟನ್ ಒತ್ತಿ ನೋಡಿದರೆ ಅರ್ಧ ಪ್ರಶ್ನೆ ಅಲ್ಲೇ ತೀರುತ್ತದೆ. ಹೊಡೆದರೆ ಟ್ಯೂಬು, ಕೆಪಾಸಿಟರು, ಸೆಲ್ಲು ಎಲ್ಲವೂ ಬದುಕಿವೆ, ತೊಂದರೆ ಇರುವುದು ಮಾತುಕತೆಯಲ್ಲಿ. ಇದನ್ನು ಮೊದಲು ಮಾಡಬೇಕಿತ್ತು, ಆದರೆ ಬಹುತೇಕರು ಇದನ್ನು ಮಾಡುವುದೇ ಇಲ್ಲ.

ಮಾತುಕತೆ ನಡೆಯುವ ಜಾಗವನ್ನು ಹತ್ತಿರದಿಂದ ನೋಡಬೇಕು. ಫ್ಲ್ಯಾಶನ್ನು ತಲೆಕೆಳಗು ಮಾಡಿದರೆ ಪಾದದ ನಡುವೆ ಒಂದು ದಪ್ಪ ಪಿನ್ನು, ಅದರ ಸುತ್ತ ಮೂರೋ ನಾಲ್ಕೋ ಸಣ್ಣ ಪಿನ್ನುಗಳು ಕಾಣುತ್ತವೆ. "ಈಗ ಹೊಡೆ" ಎಂಬ ಒಂದೇ ಆಜ್ಞೆ ನಡುವಿನ ಪಿನ್ನಿನದು. ಎಷ್ಟು ಬೆಳಕು, ಯಾವ ಝೂಮ್, ಬೆಳಕನ್ನು ಕ್ಯಾಮೆರಾವೇ ಅಳೆದು ನಿರ್ಧರಿಸುವ ಟಿಟಿಎಲ್ಲೋ ನಾವೇ ನಿರ್ಧರಿಸುವ ಮ್ಯಾನ್ಯುಯಲ್ಲೋ ಎಂಬ ವಿವರವೆಲ್ಲ ಸಣ್ಣ ಪಿನ್ನುಗಳ ಪಾಲು. ಇವು ಸ್ಪ್ರಿಂಗಿನ ಮೇಲೆ ಕೂತಿರುತ್ತವೆ. ಬೆವರು, ಧೂಳು, ಹೋಮದ ಹೊಗೆ ಸೇರಿ ಒಂದು ಪಿನ್ನು ಒಳಗೇ ಸಿಕ್ಕಿಕೊಂಡರೆ ಅದು ಬರಿಗಣ್ಣಿಗೆ ಸುಲಭವಾಗಿ ಕಾಣದು. ಉಗುರಿನಿಂದ ಒಂದೊಂದನ್ನೇ ಮೆಲ್ಲಗೆ ಒತ್ತಿ, ಎಲ್ಲವೂ ಒಂದೇ ಎತ್ತರಕ್ಕೆ ಪುಟಿದು ಬರುತ್ತವೆಯೇ ಎಂದು ನೋಡಬೇಕು. ಊದುವುದರಿಂದ ಪಿನ್ನಿಗೆ ಎಂಜಲಿನ ತೇವ ತಗಲುತ್ತದೆ, ಅಷ್ಟೆ. ಹತ್ತಿಬಟ್ಟೆಗೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಕೆಲಸವಾಗುತ್ತದೆ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪರೀಕ್ಷೆಯಿದೆ. ಸಣ್ಣ ಪಿನ್ನುಗಳ ಮೇಲೆ ಮಾತ್ರ ತೆಳು ಇನ್ಸುಲೇಷನ್ ಟೇಪ್ ಅಂಟಿಸಿ, ನಡುವಿನದನ್ನು ಬಿಟ್ಟು, ಫ್ಲ್ಯಾಶನ್ನು ಮ್ಯಾನ್ಯುಯಲ್‌ನಲ್ಲಿ 1/16ಕ್ಕೆ ಇಟ್ಟು ಕ್ಯಾಮೆರಾಕ್ಕೆ ಹಾಕಿ. ಈಗ ಹೊಡೆದರೆ ದೋಷವಿರುವುದು ಸಣ್ಣ ಪಿನ್ನುಗಳಲ್ಲಿ ಅಥವಾ ಅವು ಸಾಗಿಸುವ ಡಿಜಿಟಲ್ ಭಾಷೆಯಲ್ಲಿ. ಆಗಲೂ ಹೊಡೆಯದಿದ್ದರೆ ನಡುವಿನ ಪಿನ್ನನ್ನೋ ಕ್ಯಾಮೆರಾವನ್ನೋ ಶಂಕಿಸಬೇಕು. ಒಂದು ಚೂರು ಟೇಪಿನಿಂದ ಇಷ್ಟು ತಿಳಿಯುತ್ತದೆ, ಅದಕ್ಕೆ ಯಾವ ಮೀಟರೂ ಬೇಕಿಲ್ಲ.

ಈ ಪರೀಕ್ಷೆಗೂ ಒಂದು ಅಪವಾದವಿದೆ. ಅದನ್ನು ಹೇಳುವಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕ್ಯಾನನ್ ಕಂಪನಿ 2018ರ 3000ಡಿ, 2019ರ 200ಡಿ ಮಾರ್ಕ್ 2 ಕ್ಯಾಮೆರಾಗಳ ಹಾಟ್ ಶೂನಿಂದ, ಅಂದರೆ ಫ್ಲ್ಯಾಶಿನ ಪಾದ ಕೂರುವ ಜಾಗದಿಂದ, ನಡುವಿನ ಸಂಪರ್ಕವನ್ನೇ ತೆಗೆದುಹಾಕಿತು. ಬೇರೆ ಬೇರೆ ಕಂಪನಿಗಳ ಸಾದಾ ಫ್ಲ್ಯಾಶುಗಳೂ ರೇಡಿಯೊ ಟ್ರಿಗರುಗಳೂ ದಶಕಗಳಿಂದ ನಂಬಿಕೊಂಡು ಬಂದಿದ್ದ ಒಂದೇ ಒಂದು ಸಾಮಾನ್ಯ ತಂತು ಅದು. ಕಡಿಮೆ ದುಡ್ಡಿನಲ್ಲಿ ಕಸುಬು ಆರಂಭಿಸುವ ಹುಡುಗರು ಕೊಳ್ಳುವುದು ಇಂಥ ಕ್ಯಾಮೆರಾಗಳನ್ನೇ, ಅವಕ್ಕೆ ಜೋಡಿಯಾಗಿ ಆರಿಸುವುದೂ ಅಗ್ಗದ ಮ್ಯಾನ್ಯುಯಲ್ ಫ್ಲ್ಯಾಶನ್ನೇ. ಎರಡೂ ಹೊಸವು, ಎರಡೂ ಸರಿ ಇವೆ, ಸೇರಿಸಿದರೆ ಬೆಳಕಿಲ್ಲ. ಹುಡುಗ ಅಂಗಡಿಗೆ ಹೋಗಿ ಜಗಳವಾಡುತ್ತಾನೆ. ಶೂವನ್ನು ಬಗ್ಗಿ ನೋಡಿದ್ದರೆ, ದುಂಡನೆಯ ಲೋಹದ ಬಿಲ್ಲೆ ಇರಬೇಕಾದ ಕಡೆ ಬರೀ ಪ್ಲಾಸ್ಟಿಕ್ ಕಾಣುತ್ತಿತ್ತು.

ಕಂಪನಿಗಳು ಕೊಡುವ ಕೈಪಿಡಿಗಳನ್ನೂ ವಿಮರ್ಶೆಗೆ ಒಳಪಡಿಸಬೇಕು. ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಇರುತ್ತದೆ: ಫ್ಲ್ಯಾಶ್ ಹೊಡೆಯುತ್ತಿಲ್ಲ, ಬ್ಯಾಟರಿ ನೋಡಿ, ಫೋಟೋ ಕಪ್ಪಾಗಿದೆ, ದೂರ ನೋಡಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಯಾವುದರ ನಂತರ ಯಾವುದನ್ನು ನೋಡಬೇಕು, ಒಂದು ಉತ್ತರ ಇನ್ಯಾವುದನ್ನು ತಳ್ಳಿಹಾಕುತ್ತದೆ ಎಂಬ ಸರಣಿ ಇಲ್ಲ. ಅದಕ್ಕಿಂತ ದೊಡ್ಡ ಕೊರತೆ ಎಂದರೆ, ಫ್ಲ್ಯಾಶಿನ ಪುಸ್ತಕ ಫ್ಲ್ಯಾಶನ್ನು ಮಾತ್ರ ನೋಡುತ್ತದೆ, ಕ್ಯಾಮೆರಾದ ಪುಸ್ತಕ ಕ್ಯಾಮೆರಾವನ್ನು ಮಾತ್ರ. ದೋಷವೋ ಎರಡರ ನಡುವೆ ಕೂತಿರುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಲೈವ್ ವ್ಯೂ ಇಟ್ಟು ಸೈಲೆಂಟ್ ಶೂಟಿಂಗ್ ಆನ್ ಆಗಿದ್ದರೆ ಬೇರೆ ಕಂಪನಿಯ ಫ್ಲ್ಯಾಶ್ ಹೊಡೆಯುವುದಿಲ್ಲ. ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರಿನಲ್ಲಿ ಫ್ಲ್ಯಾಶನ್ನೇ ತಡೆಯುತ್ತವೆ. ಫ್ಲ್ಯಾಶನ್ನು ಯಾರೋ ಎಸ್1 ಅಥವಾ ಎಸ್2ಗೆ ಒತ್ತಿಬಿಟ್ಟಿದ್ದರೆ ಅದು ಇನ್ನೊಂದು ಫ್ಲ್ಯಾಶಿನ ಬೆಳಕಿಗಾಗಿ ಕಾಯುತ್ತಾ ಕೂರುತ್ತದೆ. ಇವು ಯಾವುವೂ ಕೆಡುಕಲ್ಲ, ಆದರೂ ಇಂಥ ಫ್ಲ್ಯಾಶುಗಳು ರಿಪೇರಿ ಅಂಗಡಿಯವರೆಗೆ ಹೋಗುತ್ತವೆ.

ಸೆಲ್ಲಿನ ವಿಷಯಕ್ಕೆ ಬರೋಣ. ಆಲ್ಕಲೈನ್ ಸೆಲ್ 1.5 ವೋಲ್ಟ್, ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ 1.2 ವೋಲ್ಟ್, ಹಾಗಾಗಿ ಮೊದಲನೆಯದೇ ಜೋರು ಎಂಬ ನಂಬಿಕೆ ಗಟ್ಟಿಯಾಗಿದೆ. ಫ್ಲ್ಯಾಶ್ ಕೇಳುವುದು ವೋಲ್ಟನ್ನಲ್ಲ, ಒಮ್ಮೆಗೇ ಹೆಚ್ಚು ಕರೆಂಟನ್ನು. ಒಳ ಪ್ರತಿರೋಧ ಕಡಿಮೆಯಿರುವ ರೀಚಾರ್ಜಬಲ್ ಸೆಲ್ ಅದನ್ನು ಸಲೀಸಾಗಿ ಕೊಡುತ್ತದೆ. ನಾಲ್ಕರಲ್ಲಿ ಒಂದು ಸೆಲ್ ಸೊರಗಿದ್ದರೂ ಇಡೀ ಸೆಟ್ ಕುಂಟುತ್ತದೆ, ಆದ್ದರಿಂದ ನಾಲ್ಕನ್ನೂ ಒಟ್ಟಿಗೇ ಕೊಂಡು, ಒಟ್ಟಿಗೇ ಚಾರ್ಜ್ ಮಾಡಿ, ಗುರುತು ಹಾಕಿ ಇಡಬೇಕು. ರೆಡಿ ಲೈಟ್ ಹೊತ್ತಿಕೊಂಡಿತೆಂದರೆ ಕೆಪಾಸಿಟರ್ ಪೂರ್ತಿ ತುಂಬಿತೆಂದು ತಿಳಿಯಬಾರದು. ಅನೇಕ ಫ್ಲ್ಯಾಶುಗಳಲ್ಲಿ ಅದು ಸ್ವಲ್ಪ ಮೊದಲೇ ಹೊತ್ತುತ್ತದೆ. ಆರತಿಯ ಸಾಲು ಚಿತ್ರಗಳಲ್ಲಿ ಮೊದಲನೆಯದು ಬೆಳ್ಳಗೆ, ಮೂರನೆಯದು ಮಂಕಾಗಿ ಬರುವುದು ಸಾಮಾನ್ಯವಾಗಿ ಇದರಿಂದಲೇ.

ಚಿತ್ರದಲ್ಲಿ ಅಡ್ಡಲಾಗಿ ಕಪ್ಪು ಪಟ್ಟಿ ಬಂದರೆ ಶಟರ್ ವೇಗ ಸಿಂಕ್ ಮಿತಿಯನ್ನು, ಅಂದರೆ ಸಾಮಾನ್ಯವಾಗಿ 1/200 ಅಥವಾ 1/250 ಸೆಕೆಂಡನ್ನು ದಾಟಿದೆ. ಸಾದಾ ಟ್ರಿಗರ್ ಹಾಕಿದಾಗ ಕ್ಯಾಮೆರಾಕ್ಕೆ ಫ್ಲ್ಯಾಶ್ ಇರುವುದೇ ತಿಳಿಯದು, ಹಾಗಾಗಿ ವೇಗ ಈ ಮಿತಿ ದಾಟುವುದನ್ನು ತಡೆಯುವವರಿಲ್ಲ.

ಇನ್ನು ಟಿಟಿಎಲ್ ಮೇಲಿನ ದೂರು. ಬಿಳಿ ಪಂಚೆ, ಬಿಳಿ ಶಲ್ಯದ ಹಿರಿಯರ ಗುಂಪು ಮಬ್ಬಾಗಿ ಬರುತ್ತದೆ, ಕಪ್ಪು ಸೂಟಿನ ವರ ಸುಣ್ಣ ಬಳಿದಂತೆ ಬರುತ್ತಾನೆ. ಫ್ಲ್ಯಾಶ್ ಒಮ್ಮೊಮ್ಮೆ ಹುಚ್ಚಾಟ ಆಡುತ್ತದೆ ಎನ್ನುತ್ತಾರೆ. ಮೀಟರ್ ಎಲ್ಲವನ್ನೂ ನಡು ಬೂದುಬಣ್ಣದ ಕಡೆಗೆ ಎಳೆಯುವುದು ಅದರ ಧರ್ಮ, ಅದಕ್ಕೆ ಫ್ಲ್ಯಾಶ್ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಇದೆ. ಎತ್ತರದ ಛತ್ರದಲ್ಲಿ ಚಾವಣಿಗೆ ಬೌನ್ಸ್ ಮಾಡಿ ಬೆಳಕು ಸಾಲದು ಎನ್ನುವುದೂ ಇದೇ ಬಗೆಯ ದೂರು. ಅನುಮಾನ ಬಂದರೆ ಮ್ಯಾನ್ಯುಯಲ್‌ಗೆ ಹಾಕಿ, ಒಂದೇ ಗೋಡೆಗೆ ನಿಧಾನವಾಗಿ ನಾಲ್ಕಾರು ಸಲ ಹೊಡೆದು ನೋಡಿ. ಎಲ್ಲ ಚಿತ್ರಗಳೂ ಒಂದೇ ಸಮ ಬಂದರೆ ಫ್ಲ್ಯಾಶ್ ಆರೋಗ್ಯವಾಗಿದೆ.

ಟೆಸ್ಟ್ ಬಟನ್ನಿಗೂ ಹೊಡೆಯದ ಫ್ಲ್ಯಾಶನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಸೆಲ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು. ಅಪ್ಪನ ಕಾಲದ ವಿವಿಟಾರ್ 283ರಂಥ ಫ್ಲ್ಯಾಶನ್ನು ಅಳೆಯದೆ ಹೊಸ ಕ್ಯಾಮೆರಾದ ಮೇಲೆ ಕೂರಿಸಲೂ ಬೇಡಿ. ಹಳೆಯ ಕೆಲವುಗಳಲ್ಲಿ ಟ್ರಿಗರ್ ವೋಲ್ಟೇಜೇ 250 ದಾಟುತ್ತದೆ, ಕ್ಯಾಮೆರಾದ ಸರ್ಕ್ಯೂಟ್ ಸುಟ್ಟುಹೋಗಬಹುದು.

ರಿಪೇರಿಗೆ ಕೊಡಲೇಬೇಕಾದಾಗ ಒಂದು ಚೀಟಿ ಬರೆದು ಅಂಟಿಸಿ: ಟೆಸ್ಟ್ ಬಟನ್ನಿಗೆ ಹೊಡೆಯುತ್ತದೆ, ಟೇಪ್ ಹಚ್ಚಿದಾಗ ಹೊಡೆಯುತ್ತದೆ, ಟೇಪ್ ತೆಗೆದರೆ ಇಲ್ಲ, ಬೇರೆ ಕ್ಯಾಮೆರಾದಲ್ಲೂ ಹೀಗೇ. ಇಷ್ಟು ಓದಿದ ಮೆಕ್ಯಾನಿಕ್ ಬೋರ್ಡಿಗೆ ಕೈ ಹಾಕುವ ಮೊದಲು ಪಾದವನ್ನು ಬಿಚ್ಚಿ ನೋಡುತ್ತಾನೆ. ಪಾದವೊಂದನ್ನೇ ಬದಲಿಸಿದರೆ ಸಾಕಾಗುವ ಫ್ಲ್ಯಾಶುಗಳು ರಿಪೇರಿ ಅಂಗಡಿಗಳ ಕಪಾಟಿನಲ್ಲಿ ಈಗಲೂ ಬಿದ್ದಿವೆ.